ಕೆಮ್ಮಿಗೆ ಕಾಯುವ ದೊಡ್ಡ ಸಿಸ್ಟರ್
ಮೂಳೆ ವಾರ್ಡಿನಲ್ಲಿ ಎಲ್ಲರ ಕಣ್ಣೂ ಮುರಿದ ಸೊಂಟದ ಮೇಲಿದ್ದರೆ ದೊಡ್ಡ ಸಿಸ್ಟರ್ ಕಣ್ಣು ಮಾತ್ರ ಗಂಟಲಿನ ಮೇಲೆ. ಆಪರೇಷನ್ ಆದ ಮುದುಕರ ಬಳಿ ನೀರಿನ ಲೋಟ ಕಂಡರೆ ಹಾವು ಕಂಡವಳಂತೆ ಹೌಹಾರುತ್ತಾಳೆ. "ಕಾಲು ತಾನೇ ಮುರಿದಿರೋದು, ಬಾಯಿಗೇನಾಗಿದೆ?" ಎಂದ ಮಗನೊಬ್ಬನಿಗೆ, "ಮಲಗಿದವರ ಗಂಟಲಿಗೆ ದಾರಿ ಮರೆತುಹೋಗತ್ತಪ್ಪಾ, ತಿಂದಿದ್ದು ಶ್ವಾಸಕೋಶಕ್ಕೆ ಇಳಿಯತ್ತೆ" ಎಂದು ಗದರಿದ್ದಳು. ಬೆನ್ನು ನೆಟ್ಟಗಿರಬೇಕು, ಗದ್ದ ಬಗ್ಗಿರಬೇಕು, ಗಂಜಿ ಅರ್ಧ ಚಮಚ ದಾಟಬಾರದು, ನುಂಗಿದ ಮೇಲೆ "ಆ" ಅನ್ನಬೇಕು. ದನಿಯಲ್ಲಿ ಚೂರು ಗುಳುಗುಳು ಕೇಳಿದರೂ ಬಟ್ಟಲು ವಾಪಸ್. "ನೀನು ನನ್ನ ಸೊಸೆಯಾಗಿದ್ರೆ ಮನೆ ಬಿಟ್ಟು ಓಡಿಹೋಗ್ತಿದ್ದೆ" ಎಂದು ಹಸಿದ ಅಜ್ಜ ಗೊಣಗಿದರೆ, "ಈ ಕಾಲಲ್ಲಿ ಎಲ್ಲಿಗೆ ಓಡ್ತೀರೋ ನೋಡೋಣ" ಎನ್ನುತ್ತಾಳೆ. ಯಾರಾದರೂ ಕೆಮ್ಮಿದರೆ, ದಾರಿ ತಪ್ಪಿದ ತುತ್ತನ್ನು ಗಂಟಲು ಹೊರಗೆ ತಳ್ಳಿತೆಂದು ಅವಳಿಗೆ ಹೋದ ಜೀವ ಬಂದಂತೆ. ಸದ್ದಿಲ್ಲದೆ ನುಂಗುವವರನ್ನು ಕಂಡರೆ ಓಡಿಬಂದು ಚಮಚ ಕಿತ್ತುಕೊಳ್ಳುತ್ತಾಳೆ. ಬಟ್ಟಲು ಖಾಲಿ ಮಾಡಿದ ಅಜ್ಜಿಯರಿಗೆ ಬೇರೆ ಸಿಸ್ಟರುಗಳು "ಜಾಣೆ" ಎಂದು ಕೆನ್ನೆ ತಟ್ಟುತ್ತಾರೆ, ಅವಳು ತಟ್ಟುವುದಿಲ್ಲ. ಕೆಲಸಕ್ಕೆ ಹೊಸಬಳಾಗಿದ್ದಾಗ ಒಮ್ಮೆ ತಟ್ಟಿದ್ದಳು, ಇದೇ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ, ಒಂದು ಸಲವೂ ಕೆಮ್ಮದೆ ಬಟ್ಟಲು ಬರಿದು ಮಾಡಿದ ತನ್ನ ಅಮ್ಮನ ಕೆನ್ನೆಯನ್ನು. ಆ ಗಂಜಿ ಎಲ್ಲಿಗೆ ಇಳಿದಿತ್ತೆಂದು ಮೂರನೆಯ ದಿನ ಎಕ್ಸ್‌ರೇ ಹೇಳಿತು. ಐದನೆಯ ದಿನ ಮಂಚ ಖಾಲಿಯಾಯಿತು. ಇವತ್ತು ಅದೇ ಮಂಚದ ಹೊಸ ಅಜ್ಜಿ, ಸಿಸ್ಟರ್ ಬರುವಷ್ಟರಲ್ಲಿ ಮಗಳ ಕೈಯಿಂದ ಇಡೀ ಬಟ್ಟಲು ತಿಂದು ಮುಗಿಸಿ, ಹೊಗಳಿಕೆಗೆ ಕಾದ ಮಗುವಿನಂತೆ ನಗುತ್ತಾಳೆ. ದೊಡ್ಡ ಸಿಸ್ಟರ್ ಅವಳ ಎದೆಗೆ ಕಿವಿಯಿಟ್ಟು ಅಂಗಲಾಚುತ್ತಾಳೆ: "ಒಂದೇ ಒಂದ್ಸಲ ಕೆಮ್ಮಿ ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ."