ಕರಸವಾ ಅಜ್ಜ ತಾವೇ ಬರೆದುಕೊಂಡ ಸನ್ಮಾನ ಪತ್ರ

“ಅಮ್ಮಾ, ಕರಸವಾ ಅಜ್ಜ ಏನು ತಪ್ಪು ಮಾಡಿದ್ರು?”

ಐದು ವರ್ಷದ ನನ್ನ ಮಗಳು ಕೊತೊಹಾ ಹೀಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಪಕ್ಕದ ಮನೆಯ ಅಜ್ಜ ಅವತ್ತು ಬೆಳಗಿನಿಂದ ಕರಿ ಸೂಟು ತೊಟ್ಟು, ಸಿಹಿಯ ಡಬ್ಬಿಗಳನ್ನು ಹೊತ್ತು, ಒಂದೊಂದು ಮನೆಯ ಮುಂದೂ ಸೊಂಟ ಮುರಿಯುವಂತೆ ಬಗ್ಗಿ, “ನನ್ನಿಂದ ಬೀದಿಗೆಲ್ಲ ತೊಂದರೆ ಆಯ್ತು, ಕ್ಷಮಿಸಬೇಕು” ಎನ್ನುತ್ತಿದ್ದರು.

“ತಪ್ಪೇನಿಲ್ಲ ಪುಟ್ಟಿ, ಅವರಿಗೆ ಬಹುಮಾನ ಬಂದಿದೆ.”

“ಹಾಗಾದ್ರೆ ನಂಗೆ ಬಹುಮಾನ ಬೇಡ” ಎಂದು ಅವಳು ಡಬ್ಬಿಯ ಕಾಗದ ಬಿಚ್ಚತೊಡಗಿದಳು.

ಕರಸವಾ ತೇಯ್ಜಿ ನಮ್ಮೂರು ಓಕಾಯಾದ ಕೆರೆಯ ದಂಡೆಯಲ್ಲಿದ್ದ ವಿದ್ಯುತ್ ಸಾಮಾನಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಎಂಜಿನಿಯರಾಗಿದ್ದವರು. ರೈಸ್ ಕುಕ್ಕರಿನಲ್ಲಿ ಬೆಚ್ಚಗಿಟ್ಟ ಅನ್ನ ತಳ ಹಿಡಿಯದಂತೆ, ಹಳದಿಗಟ್ಟಿ ನಾರದಂತೆ ಮುಚ್ಚಳವನ್ನು ಬಿಸಿಮಾಡುವ ಒಂದು ಪುಟ್ಟ ಸಾಧನ ಅವರ ಕೈಯಲ್ಲಿ ಹುಟ್ಟಿತು. ಅವರು ನಿವೃತ್ತರಾಗಿ ಹದಿನೆಂಟು ವರ್ಷವಾದ ಮೇಲೆ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಸಾಧಕರನ್ನು ಗೌರವಿಸುವ ತೋಕ್ಯೋದ ಸಂಘವೊಂದಕ್ಕೆ ಅವರ ನೆನಪಾಯಿತು.

ನಮ್ಮಲ್ಲಿ ಸನ್ಮಾನ ಮಾಡುವುದು ಸುಲಭ. ಕೆಲಸವೆಲ್ಲ ಮಾಡಿಸಿಕೊಳ್ಳುವವರದೇ. “ತಮ್ಮ ಸನ್ಮಾನ ಪತ್ರವನ್ನು ತಾವೇ ಬರೆದು ಕಳಿಸಿ, ಮುದ್ರೆ ನಾವು ಒತ್ತುತ್ತೇವೆ” ಎಂದು ಸಂಘ ಬರೆಯಿತು. ತನ್ನನ್ನು ತಾನೇ ಹೊಗಳಿಕೊಳ್ಳುವವನು ಮನುಷ್ಯನೇ? ಆದ್ದರಿಂದ ಬರೆಯುವವನು ತನ್ನನ್ನು ನೆಲಕ್ಕೆ ಇಳಿಸುತ್ತಾನೆ, ಓದುವವನು ಎತ್ತಿ ಅಟ್ಟಕ್ಕೆ ಏರಿಸುತ್ತಾನೆ. ಈ ಏಣಿಯ ಮೇಲೆ ನಮ್ಮ ದೇಶ ಎಷ್ಟೋ ಕಾಲದಿಂದ ನೆಮ್ಮದಿಯಾಗಿ ನಿಂತಿದೆ. ಅಜ್ಜನೂ ಕ್ರಮ ತಪ್ಪಲಿಲ್ಲ. “ಅರೆಜ್ಞಾನಿಯಾದ ನಾನು ಸಹೋದ್ಯೋಗಿಗಳ ಕೆಲಸಕ್ಕೆ ಮೂವತ್ತೆಂಟು ವರ್ಷ ಅಡ್ಡಿಯಾದೆ. ಮನೆಯಲ್ಲಿ ಮಂದಮತಿ ಹೆಂಡತಿಯಿಂದಲೂ ಯಾವ ಉಪಯೋಗವೂ ಆಗಲಿಲ್ಲ” ಎಂದು ಬರೆದರು.

ಸಂಘ ಈ ವರ್ಷ ನಲವತ್ತು ಜನರನ್ನು ಗೌರವಿಸುವ ಅವಸರದಲ್ಲಿತ್ತು. ಓದಿ ಅಟ್ಟಕ್ಕೆ ಎತ್ತುವವರು ಯಾರೂ ಇರಲಿಲ್ಲ. ಚಿನ್ನದಂಚಿನ ದಪ್ಪ ಕಾಗದದಲ್ಲಿ ಅಷ್ಟನ್ನೂ ಅಚ್ಚುಹಾಕಿ, ಕೊನೆಗೆ “ಮೇಲ್ಕಂಡ ಅಪೂರ್ವ ಸೇವೆಯನ್ನು ಮೆಚ್ಚಿ ಗೌರವಿಸಿದ್ದೇವೆ” ಎಂದು ಸೇರಿಸಿ, ಒಂದು ಪ್ರತಿಯನ್ನು ಮುಂಚಿತವಾಗಿ ಕಳಿಸಿತು.

ಅಡ್ಡಿಯಾದೆ ಎಂಬ ಸಾಲಿಗೆ ಅಜ್ಜ ನಕ್ಕರು. “ನಮ್ಮ ಮೇಲಧಿಕಾರಿ ಆಗ್ಲೇ ಇದನ್ನ ಹೇಳಿದ್ರು. ಈಗ ಮುದ್ರೆ ಬಿತ್ತು ಅಷ್ಟೆ.” ಮುಂದಿನ ಸಾಲನ್ನು ಅವರ ಹೆಂಡತಿ ಸುಮಿಯೆ ಅಜ್ಜಿ ಓದಿದರು. ಅವತ್ತಿನಿಂದ ಆ ಮನೆಯಲ್ಲಿ ಅನ್ನ ಬೇಯಲಿಲ್ಲ. ಮೂರು ಹೊತ್ತೂ ಬ್ರೆಡ್ಡು.

ಹನ್ನೊಂದು ವರ್ಷ, ದಿನಕ್ಕೆ ಮೂರು ಸಲ, ಗಂಡ ತಂದ ಪ್ರಯೋಗದ ಕುಕ್ಕರುಗಳಲ್ಲಿ ಅನ್ನ ಬೇಯಿಸಿ, ಯಾವ ಗಂಟೆಗೆ ಬಣ್ಣ ತಿರುಗಿತು, ಯಾವ ಗಂಟೆಗೆ ವಾಸನೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು ಆ ಅಜ್ಜಿ. ತಳ ಸೀದ ಅನ್ನವನ್ನು ತಾವೇ ತಿಂದವರೂ ಅವರೇ. “ತಳ ಬಿಡಿ, ಮುಚ್ಚಳ ಬಿಸಿ ಮಾಡಿ ನೋಡಿ” ಎಂದು ಮೊದಲು ಹೇಳಿದ್ದೂ ಅವರೇ. ಇದನ್ನು ನನಗೆ ಹೇಳಿದ್ದು ಅಜ್ಜ, ಅದೂ ಬೇಲಿಯ ಈಚೆಗೆ ಬಂದು, ಪಿಸುಮಾತಿನಲ್ಲಿ.

ಉಪ್ಪಿನಕಾಯಿ ತಟ್ಟೆ ಹಿಂದಿರುಗಿಸಲು ಹೋದಾಗ ನಾನು ಅಜ್ಜಿಯನ್ನು ಸಮಾಧಾನ ಮಾಡಲು ನೋಡಿದೆ. ಅವರು ಸಿಟ್ಟಿನಲ್ಲೇನೂ ಇರಲಿಲ್ಲ, ಬ್ರೆಡ್ಡು ಕೊಯ್ಯುತ್ತಿದ್ದರು.

“ಗಂಡಂದಿರು ಬಾಯಲ್ಲಿ ಹಾಗೇ ಅಂತಾರಮ್ಮ, ಅದಕ್ಕೇನಿಲ್ಲ. ಆದ್ರೆ ಇದಕ್ಕೆ ಕಟ್ಟು ಹಾಕ್ಸಿ ಗೋಡೆಗೆ ತೂಗುಹಾಕಿದ್ರೆ, ದಿನಾ ಧೂಳು ಒರೆಸೋಳು ನಾನಲ್ವಾ?”

“ತಿದ್ದಿಸಬಾರದಾ ಅಜ್ಜಾ?” ಎಂದು ಹೊರಗೆ ಬಂದು ಕೇಳಿದೆ.

“ಸಂಘಕ್ಕೆ ಫೋನ್ ಮಾಡಿದ್ದೆ. ಇಷ್ಟು ವಿನಯದ ಪತ್ರ ನಾವು ಕಂಡೇ ಇಲ್ಲ, ಒಂದಕ್ಷರಾನೂ ಮುಟ್ಟಲ್ಲ ಅಂದ್ರು.”

“ಹಾಗಾದ್ರೆ ಸಭೇಲಿ ನೀವೇ ಹೇಳಿಬಿಡಿ.”

“ನನ್ನ ಹೆಂಡತಿ ಜಾಣೆ ಅಂತ ನಾನೇ ಹೇಳೋದಾ? ನಲವತ್ತು ಜನ ಎಂಜಿನಿಯರುಗಳ ಮುಂದೆ?” ಅಜ್ಜನ ಕಿವಿ ಕೆಂಪಾಯಿತು.

ಸಮಾರಂಭ ನಾಳೆ, ಈ ಸಲ ನಮ್ಮೂರಿನ ಸಭಾಂಗಣದಲ್ಲೇ. ಈ ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಅಜ್ಜ ಬಾಗಿಲಿಗೆ ಬಂದರು. ಸ್ವೆಟರಿನ ಮೇಲೆ ಬ್ರೆಡ್ಡಿನ ಪುಡಿ. ಮೂರು ಸಲ ಬಗ್ಗಿದರು, ಹವೆಯ ವಿಷಯ ಮಾತಾಡಿದರು, ಕೊತೊಹಾಳ ಹಲ್ಲು ಬಿದ್ದದ್ದನ್ನು ವಿಚಾರಿಸಿದರು.

“ಚಿಸಾ ಅಮ್ಮ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ನಾಳೆ ನೀವೂ ಬನ್ನಿ. ನನ್ನ ಮಾತು ಮುಗಿದ ಮೇಲೆ, ಪ್ರಶ್ನೆ ಇದ್ಯಾ ಅಂತ ಕೇಳ್ತಾರೆ. ಯಾರೂ ಕೇಳಲ್ಲ, ಕೇಳೋ ಪದ್ಧತಿ ಇಲ್ಲ. ನೀವು ಕೈ ಎತ್ತಿ. ಮುಚ್ಚಳ ಬಿಸಿ ಮಾಡೋ ಯೋಚನೆ ಮೊದಲು ಯಾರಿಗೆ ಬಂತು ಅಂತ ಕೇಳಿ. ನಾನಾಗೇ ಹೇಳಿದ್ರೆ ಬಡಾಯಿ. ಕೇಳಿದ್ಮೇಲೂ ಹೇಳ್ದೇ ಇದ್ರೆ, ಕೇಳಿದವರಿಗೆ ಅವಮಾನ ಅಲ್ವಾ?”

ನಾನು ಹೂಂ ಎನ್ನುವ ಮೊದಲೇ ಅವರು ಇನ್ನೊಮ್ಮೆ ಬಗ್ಗಿದರು.

“ಸ್ವಲ್ಪ ಜೋರಾಗಿ ಕೇಳಿ ತಾಯಿ. ಸುಮಿಯೆ ಎರಡನೇ ಸಾಲಲ್ಲಿ ಕೂತಿರ್ತಾಳೆ, ಎಡಗಿವಿ ಅಷ್ಟು ಕೇಳ್ಸಲ್ಲ.”