ಹಿತ್ತಲಿಗೆ ಹೋದ ಕಾರು

“ಈ ಖಟಾರಾ ಗಾಡಿ ಹಂದರದ ಮುಂದ ಬ್ಯಾಡ್ರಿ, ಬೀಗರು ನಗ್ತಾರ. ಹಿತ್ತಲಿಗೆ ಒಯ್ರಿ,” ಎಂದು ನಮ್ಮ ಕಾಕಾ ಗದರಿದರು. ಎಂಬತ್ತರ ದಶಕದಲ್ಲಿ, ಬೇಡಕಿಹಾಳದಲ್ಲಿ ಅಕ್ಕನ ಮದುವೆ. ನಿಪ್ಪಾಣಿಯ ಆರ್ಕೆಸ್ಟ್ರಾದವರು ಅಜ್ಜನ ಕಾಲದ ಉದ್ದನೆಯ ಕಾರಿನ ಟಾಪಿನ ಮೇಲೆ ಡ್ರಮ್ಮು ಕಟ್ಟಿಕೊಂಡು ಬಂದಿದ್ದರು.

ಹಾಡುವ ಹೆಣ್ಣುಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ನಮ್ಮ ಮೈಕು ನಡಿಯೂದ ಇದರ ಬ್ಯಾಟರಿ ಮ್ಯಾಲ್ರಿ. ಗಾಡಿ ಎಲ್ಲಿ ನಿಲ್ತೈತಿ, ಹಾಡು ಅಲ್ಲೇ!”

ಕಾರು ಹಿತ್ತಲಿಗೆ ಹೋಯಿತು. ಆ ಹೆಣ್ಣುಮಗಳು ಮೇವಿನ ಬಣವಿಯ ಪಕ್ಕ ನಿಂತು ದನಿ ಎತ್ತಿ ಹಾಡಿದರು. ಹಂದರದಲ್ಲಿದ್ದ ಬೀಗರು ಒಬ್ಬೊಬ್ಬರಾಗಿ ಕುರ್ಚಿ ಎತ್ತಿಕೊಂಡು ಹಿಂದೆ ಬಂದರು. ಕೊನೆಗೆ ಕಾಕಾ ಕೂಡ ಬಂದರು. ಕುರ್ಚಿ ಸಿಗದೆ ನಿಂತೇ ಕೇಳಿದರು.

ಅಂದಿನಿಂದ ಯಾರಾದರೂ ನನಗೆ ಹಿಂದೆ ನಿಲ್ಲು ಎಂದರೆ ನಿಲ್ಲುತ್ತೇನೆ. ಬಾಯಿ ಮಾತ್ರ ಮುಚ್ಚುವುದಿಲ್ಲ.