ಮೇಲಿನ ನಾಲೆಯವನ ಕಾರು

ನಮ್ಮ ಪಕ್ಕದ ಮನೆಯವನು ದಿನಾ ಬೆಳಿಗ್ಗೆ ಆರು ಗಂಟೆಗೆ ತನ್ನ ಕಾರಿಗೆ ಮಂಗಳಸ್ನಾನ ಮಾಡಿಸುತ್ತಾನೆ. ಕಾರು ತೊಳೆಯುತ್ತಾನೆ ಎಂದು ಬರೆಯಲು ನನ್ನ ಮನಸ್ಸು ಒಪ್ಪದು. ತೊಳೆಯುವುದು ಎಂದರೆ ಒಂದು ಬಕೀಟು ನೀರು, ಒಂದು ಹಳೇ ಬನಿಯನ್ನು, ಹತ್ತು ನಿಮಿಷ. ಅದೂ ಭಾನುವಾರ ಮಾತ್ರ. ನನ್ನ ಹತ್ತೊಂಬತ್ತು ವರ್ಷದ ಬಿಳಿ ಕಾರು ಅಷ್ಟರಲ್ಲೇ ಮಾನ ಉಳಿಸಿಕೊಂಡು ಬಂದಿದೆ.

ಅವನದು ಕರೀ ಕಾರು, ಎತ್ತರದ್ದು. ಊರಿಗೆಲ್ಲ ಗೊಬ್ಬರ ಮಾರುವವನಿಗೆ ತನ್ನ ಗಾಡಿಯ ಮೇಲೆ ಒಂದು ಕಣ ಧೂಳು ಕಂಡರೂ ಎದೆ ಒಡೆಯುತ್ತದೆ. ಮೊದಲು ಬೋರ್‌ವೆಲ್ಲಿನ ಪೈಪು ಎಳೆದು ತಂದು ರಸ್ತೆಯಲ್ಲಿ ಹಾಸುತ್ತಾನೆ. ನಿಡಘಟ್ಟದ ಹತ್ತಿರ ಹೆದ್ದಾರಿ ಪಕ್ಕದ ವಾಟರ್ ಸರ್ವಿಸಿನವರು ಲಾರಿಗೆ ಹಿಡಿಯುವಂಥ ಒಂದು ಗನ್ನು ಅವನ ಹತ್ತಿರ ಇದೆ. ಅದರಿಂದ ತಲೆ, ಬೆನ್ನು, ಪಕ್ಕೆ, ಆಮೇಲೆ ಕಾಲು, ಈ ಕ್ರಮದಲ್ಲಿ ನೀರು ಹೊಡೆಯುತ್ತಾನೆ. ಇವನಪ್ಪ ತಮ್ಮೂರು ಕೊತ್ತತ್ತಿಯ ನಾಲೆಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ ಕ್ರಮವೂ ಇದೇ ಇದ್ದೀತು. ನೊರೆ ಬರುವ ಶಾಂಪೂ ಹಚ್ಚಿದ ಮೇಲೆ ಕಾರು ಕಾಣುವುದಿಲ್ಲ, ಬೀದಿಯಲ್ಲಿ ಒಂದು ಬಿಳೀ ಗುಡ್ಡ ನಿಂತಿರುತ್ತದೆ.

ಒರೆಸುವುದು ಇನ್ನೂ ದೊಡ್ಡ ಸಮಾರಂಭ. ಮೈಗೆ ಹಳದಿ ಬಟ್ಟೆ, ಚಕ್ರಕ್ಕೆ ನೀಲಿ ಬಟ್ಟೆ. ಅದಕ್ಕೆ ಇದು ಮುಟ್ಟಿದರೆ ಮೈಲಿಗೆ. ನಾಲ್ಕು ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲ ತೆರೆದು ಸಂದುಗೊಂದಿ ಒರೆಸಿ ಮುಗಿಸಿದ ಮೇಲೆ ಪಕ್ಕದ ಕನ್ನಡಿಯ ಒಳಗಿಂದ ಒಂದೇ ಒಂದು ಹನಿ ಇಳಿದು ಬಾಗಿಲ ಮೇಲೆ ಗೆರೆ ಎಳೆಯುತ್ತದೆ. ಇವನು ಹಲ್ಲು ಕಚ್ಚಿ ಅದನ್ನು ಒರೆಸುತ್ತಾನೆ. ಇನ್ನೊಂದು ಹನಿ ಇಳಿಯುತ್ತದೆ. ಆ ಹನಿಗಳ ಮೇಲೆ ನನಗೆ ಅಪಾರ ಗೌರವವಿದೆ. ಕೊನೆಗೆ ಕಾರು ಹತ್ತಿ ಬೀದಿಯ ತುದಿಯವರೆಗೆ ರೊಯ್ಯನೆ ಓಡಿಸಿ, ಗಾಳಿಗೆ ಒಣಗಿಸಿಕೊಂಡು ಬಂದು, ಬಾನೆಟ್ಟಿನ ಮೇಲೆ ಎರಡು ಏಟು ತಟ್ಟುತ್ತಾನೆ. ಎತ್ತಿನ ಹೆಗಲು ತಟ್ಟಿದ ಹಾಗೆ.

ಮಾಡಿಕೊಳ್ಳಲಿ, ನನ್ನದೇನು ಹೋಯಿತು ಎನ್ನಬಹುದಿತ್ತು. ಆದರೆ ಮಂಡ್ಯದ ನಮ್ಮ ಬೀದಿ ಇಳಿಜಾರು. ಅವನ ಮನೆ ಏರಿನಲ್ಲಿದೆ, ನಮ್ಮದು ಇಳಿಕೆಯಲ್ಲಿ. ಅವನ ಕಾರಿನ ಅಷ್ಟೂ ನೊರೆ ನಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತದೆ.

ಹೋದ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದು ಎರಡೇ ಮಾತು: ದಿನಾ ನಡೆದರೆ ಮೊದಲಿನ ಹಾಗೆ ಆಗುತ್ತೀರಿ, ಇನ್ನೊಂದು ಸಲ ಬಿದ್ದರೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಸಂಜೆಯಾದರೆ ಅವಳ ಕಾಲು ಊದಿಕೊಳ್ಳುತ್ತದೆ. ಏಳರ ಮೇಲೆ ಬೀದಿ ತುಂಬ ಸ್ಕೂಲ್ ವ್ಯಾನುಗಳು. ಹಾಗಾಗಿ ಬೆಳಿಗ್ಗೆ ಆರರಿಂದ ಏಳು, ವಾಕರು ಹಿಡಿದು, ಅವನ ಮನೆ ದಾಟಿ ಮೇಲಿರುವ ಬೇವಿನ ಮರದವರೆಗೆ ಹೋಗಿ ಬರುವುದು ಎಂದು ಗೊತ್ತುಮಾಡಿಕೊಂಡೆವು. ರಸ್ತೆಯ ಇನ್ನೊಂದು ಬದಿಯಲ್ಲಿ ಯಾರೋ ಮನೆ ಕಟ್ಟುತ್ತ ಜಲ್ಲಿ ಸುರಿದಿದ್ದರು. ದಾರಿ ಇದ್ದದ್ದು ಒಂದೇ, ಆ ನೊರೆಯ ಮೇಲೆ.

ಎರಡನೆಯ ದಿನವೇ ವಾಕರಿನ ರಬ್ಬರು ಕಾಲು ಸರ್ರನೆ ಜಾರಿತು. ನಾನು ಹಿಂದೆಯೇ ಇದ್ದೆ, ಹಿಡಿದುಕೊಂಡೆ. ಅವಳು ಮಾರನೆಯ ದಿನದಿಂದ ಗೇಟಿನಾಚೆ ಕಾಲಿಡಲಿಲ್ಲ. ಜಗಲಿಯ ಮೇಲೆ ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ. ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಕಾಲು ಈ ಕಾಲಿಗಿಂತ ಸಣ್ಣಗಾದದ್ದು ನನ್ನ ಕಣ್ಣಿಗೇ ಕಾಣತೊಡಗಿತು.

ನಾನು ಮದ್ದೂರಿನ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ವ್ಯಾಜ್ಯವೆಂದರೆ ಕ್ರಮಬದ್ಧವಾಗಿ ನಡೆಯಬೇಕು ಎಂದು ನಂಬಿದವನು. ಮೊದಲು ಬಾಯಿಮಾತಿನಲ್ಲಿ ತಿಳಿಸಿದೆ.

"ನೋಡಿ, ನೀವು ಬಿಡೋ ನೀರು ನಮ್ಮ ಗೇಟಿಗೆ ಬರ್ತಾ ಇದೆ."

ಅವನು ಗನ್ನು ಇಳಿಸದೆ ಅಂದ: "ನೀರು ಅಂದ್ಮೇಕೆ ಕೆಳೀಕೆ ಅರೀತದೆ ಸಾ. ಮ್ಯಾಲೀಕೆ ಅರಿ ಅಂತ ಏಳಕ್ಕಾಯ್ತದಾ?"

ಈ ಮಾತು ನನಗೆ ಹೊಸದಲ್ಲ. ನಾನು ಮಳವಳ್ಳಿ ತಾಲ್ಲೂಕಿನವನು, ಬಂಡೂರಿನ ಮಗ್ಗುಲಿನ ಹಳ್ಳಿ. ನಾಲೆಯ ಕೊಟ್ಟಕೊನೆ. ಮೇಲಿನವರು ಎರಡು ಬೆಳೆ ತೆಗೆದು, ಎತ್ತು ತೊಳೆದು, ಬಟ್ಟೆ ಒಗೆದು, ಮಕ್ಕಳನ್ನು ಈಜಾಡಿಸಿ, ಮನಸ್ಸು ಬಂದರೆ ಬಿಟ್ಟದ್ದು ನಮಗೆ. ನಮ್ಮಪ್ಪ ಒಣಗಿದ ಗದ್ದೆಯ ಬದುವಿನ ಮೇಲೆ ಕೂತು, ಮಂಡ್ಯದ ದಿಕ್ಕಿಗೆ ತಿರುಗಿ ಬಯ್ಯುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆಯಲಾಗದು. ನೀರು ಕೆಳಕ್ಕೆ ಹರಿಯುತ್ತದೆ ಎಂಬ ತತ್ವವನ್ನು ಮೇಲಿನವನು ನೆನೆಸಿಕೊಳ್ಳುವುದು ಕೊಳೆ ಕಳಿಸುವಾಗ ಮಾತ್ರ. ಬೇಸಿಗೆಯಲ್ಲಿ ಆ ತತ್ವ ಅವನಿಗೆ ಮರೆತುಹೋಗಿರುತ್ತದೆ. ನಮ್ಮ ಕಡೆ ಕುರಿಯ ಮೈಯನ್ನೂ ಉಣ್ಣೆ ಕತ್ತರಿಸುವ ಮುಂಚೆ ಮಾತ್ರ ತೊಳೆಯುತ್ತಾರೆ. ನಾನು ಬಕೀಟಿನವನಾದದ್ದು ಜಿಪುಣತನಕ್ಕಲ್ಲ.

ದುರದೃಷ್ಟಕ್ಕೆ ನನ್ನ ಹೆಂಡತಿಯೂ ಮೇಲಿನ ನಾಲೆಯ ಕೊತ್ತತ್ತಿಯವಳು. ಅವನು ಅವಳಿಗೆ ಊರಿನ ತಮ್ಮ, ಅವಳು ಅವನಿಗೆ ಅಕ್ಕ. ಮನೆಯೊಳಗೂ ನಾನು ಅಲ್ಪಸಂಖ್ಯಾತ.

ಎರಡನೆಯ ಹಂತದಲ್ಲಿ ಲಿಖಿತ ಮನವಿ ಸಲ್ಲಿಸಿದೆ. ಒಂದೂವರೆ ಪುಟ. 'ಸದರಿ ವಾಹನದ ಮಜ್ಜನದಿಂದ ಉಂಟಾಗುವ ಸದರಿ ನೊರೆಯು' ಎಂದು ಶುರುಮಾಡಿ, ಅವಳ ಕಾಲಿನ ಸ್ಥಿತಿ, ಡಾಕ್ಟರ ಮಾತು ಎಲ್ಲ ವಿವರಿಸಿ, ಅಚ್ಚುಕಟ್ಟಾಗಿ ಸಹಿ ಹಾಕಿ ಅವನ ಕೈಗೇ ಕೊಟ್ಟೆ. ಅವನು "ಓದ್ತೀನಿ ಬುಡಿ ಸಾ" ಎಂದು ಜೇಬಿಗಿಟ್ಟ.

ಮಾರನೆಯ ಬೆಳಿಗ್ಗೆ ಅವನು ಮುಂದಿನ ಗಾಜು ಒರೆಸುತ್ತಿದ್ದ. ಕೈಯಲ್ಲಿದ್ದದ್ದು ಬಟ್ಟೆಯಲ್ಲ. ಉಂಡೆಯಾದ ಕಾಗದದಲ್ಲಿ ನನ್ನ ಅಕ್ಷರ ಕಂಡಿತು.

"ಅದು ನನ್ನ ಮನವಿ," ಎಂದೆ.

"ಔದಾ ಸಾ?" ಅವನು ಕಾಗದ ಬಿಡಿಸಿ ನೋಡಿದ. ಶಾಯಿ ಕರಗಿ ನೀಲಿಯಾಗಿತ್ತು. "ಗಾಜಿಗೆ ಕಾಗ್ದಾನೇ ಬೆಸ್ಟು ಕಣ್ ಸಾ. ಬಟ್ಟೆ ಆದ್ರೆ ನೂಲು ಬುಡ್ತದೆ. ನೋಡಿ ಎಂಗೆ ಒಳೀತಾದೆ!"

ಗಾಜು ಹೊಳೆಯುತ್ತಿತ್ತು. ಮೂವತ್ತನಾಲ್ಕು ವರ್ಷದ ನನ್ನ ಸೇವೆಯಲ್ಲಿ ಯಾವ ಕಡತವೂ ಇಷ್ಟು ಪ್ರಯೋಜನಕ್ಕೆ ಬಂದಿರಲಿಲ್ಲ.

ಅಂದೇ ತೀರ್ಮಾನಿಸಿದೆ. ಕಾನೂನು ಕೈಬಿಟ್ಟಲ್ಲಿ ಗುದ್ದಲಿ. ಮಾರನೆಯ ದಿನ ಐದೂವರೆಗೆ ಎದ್ದು, ಜಲ್ಲಿಯ ಪಕ್ಕ ಬಿದ್ದಿದ್ದ ಕೆಮ್ಮಣ್ಣನ್ನು ನಾಲ್ಕು ಬಾಂಡ್ಲಿ ಹೊತ್ತು ತಂದು, ಅವನ ಗೇಟಿನ ಕೆಳಬದಿಗೆ ರಸ್ತೆಗೆ ಅಡ್ಡಲಾಗಿ ಒಂದು ಬದು ಹಾಕಿದೆ. ಹೆಚ್ಚೇನಿಲ್ಲ, ಗೇಣೆತ್ತರ. ಆದರೆ ಕಾಲಿಂದ ತುಳಿದು ತುಳಿದು ಗಟ್ಟಿ ಮಾಡಿದೆ. ನೀರಿಲ್ಲದ ಊರಿನವನಾದರೂ ಬದು ಹಾಕುವುದು ರಕ್ತದಲ್ಲಿದೆ. ಕೈ ತೊಳೆದುಕೊಂಡು ಜಗಲಿಯ ಮೇಲೆ ಪೇಪರು ಹಿಡಿದು ಕೂತೆ.

ನಾನೊಂದು ಲೆಕ್ಕ ತಪ್ಪಿದ್ದೆ. ನಮ್ಮ ರಸ್ತೆಗೆ ಮೇಲಿಂದ ಮೇಲೆ ಟಾರು ಹಾಕಿ ಅವನ ಅಂಗಳ ರಸ್ತೆಗಿಂತ ಕೆಳಗಾಗಿತ್ತು. ಕುಡಿಯುವ ನೀರಿನ ಸಂಪು ಇರುವುದು ಆ ಅಂಗಳದಲ್ಲಿ, ಗೇಟಿನ ಒಳಗೇ, ನೆಲಮಟ್ಟಕ್ಕೆ ಮುಚ್ಚಳ. ಬದುವಿಗೆ ತಡೆದ ನೊರೆ ಹಿಂದಕ್ಕೆ ತಿರುಗಿ, ಗೇಟಿನಡಿ ನುಗ್ಗಿ, ನೇರವಾಗಿ ಸಂಪಿಗೆ ಇಳಿಯಿತು. ಅವನು ಬೆನ್ನು ತಿರುಗಿಸಿ ಕನ್ನಡಿಯ ಹನಿಯ ಜೊತೆ ಜಗಳದಲ್ಲಿದ್ದ.

ಆರೂಮುಕ್ಕಾಲಿಗೆ ಅವನ ಹೆಂಡತಿ ಸೌಟು ಹಿಡಿದು ಗೇಟಿಗೆ ಬಂದಳು.

"ಏನ್ರೀ, ಮುದ್ದೆಗೆ ಎಸರಿಟ್ರೆ ಬರೀ ನೊರೆ ಉಕ್ತಾ ಅದೆ! ಮಲ್ಲಿಗೆ ವಾಸ್ನೆ ಬೇರೆ! ಸಂಪಿಗೇನ್ ಉಯ್ದ್ರಿ?"

ಅವನು ಸಂಪಿನ ಮುಚ್ಚಳ ತೆಗೆದು ನೋಡಿದ. ಅಂಗಳ ನೋಡಿದ. ರಸ್ತೆಗೆ ಬಂದು ಬದು ನೋಡಿದ.

"ಯಾವನ್ಲಾ ಇದ ಆಕ್ದೋನು?"

ನಾನು ಪೇಪರು ಮಡಚಿ ಎದ್ದೆ. "ನಾನೇ. ದಾಖಲಿಸಿಕೊಳ್ಳಿ."

"ನೀರ್ ತಿರುಗ್ಸಕ್ಕೆ ನೀವ್ಯಾವ ನೀರುಗಂಟಿ ಸಾ? ಓದಿರೋ ಮನುಸ ಮಾಡೋ ಕೆಲ್ಸವಾ ಇದು? ಕುಡ್ಯೋ ನೀರು!"

"ನನ್ನ ಹೆಂಡತಿ ಹದಿನೈದು ದಿನದಿಂದ ಗೇಟು ದಾಟಿಲ್ಲ. ಅದೂ ಕುಡಿಯೋ ನೀರಿನಷ್ಟೇ ಬೇಕಾದದ್ದು."

"ಅಕ್ಕ ಜಗಲಿ ಮೇಲೇ ಓಡಾಡಬೌದಲ್ಲಾ!"

"ನಿಮ್ಮ ಕಾರೂ ನಿಮ್ಮ ಅಂಗಳದಲ್ಲೇ ಮಿಂದುಕೊಳ್ಳಬಹುದಲ್ಲ!"

"ಅಂಗಳ ಗಲೀಜಾಯ್ತದೆ ಸಾ!"

ಈ ಉತ್ತರವನ್ನು ನಾನು ಸಾಯುವವರೆಗೂ ಮರೆಯಲಾರೆ. ನನಗೂ ಉಸಿರು ಏರಿತು. ಮೇಲಿನ ನಾಲೆಯವರ ವಂಶವೃತ್ತಾಂತದಿಂದ ಶುರುಮಾಡಿದೆ. ಅವನು ಮಳವಳ್ಳಿ ಕಡೆಯವರ ಕೊಂಕುಬುದ್ಧಿಗೆ ಬಂದ. ಅವನ ಹೆಂಡತಿ ಸೌಟು ಎತ್ತಿ ಇಬ್ಬರನ್ನೂ ಬಯ್ಯುತ್ತಿದ್ದಳು. ಈ ಗದ್ದಲದಲ್ಲಿ ನಮ್ಮ ಗೇಟು ಕಿರ್ರೆಂದದ್ದು ಯಾರಿಗೂ ಕೇಳಿಸಲಿಲ್ಲ.

ಜಗಳ ಬಿಡಿಸಲು ನನ್ನ ಹೆಂಡತಿ ವಾಕರು ಹಿಡಿದು ಬಂದುಬಿಟ್ಟಿದ್ದಳು. ಬದು ದಾಟಲು ವಾಕರು ಎತ್ತಿ ಆಚೆ ಇಟ್ಟಳು. ಆಚೆ ನೊರೆ ನಿಂತಿತ್ತು. ವಾಕರು ಹೋಯಿತು. ಅವಳು ಎರಡೂ ಕೈಯಿಂದ ಕಾರನ್ನು ಹಿಡಿದಳು. ಒರೆಸಿ ನುಣುಪಾಗಿದ್ದ ಬಾಗಿಲ ಮೇಲೆ ಅಂಗೈ ನಿಲ್ಲಲಿಲ್ಲ, ಜಾರಿತು, ಹಿಂದಿನ ಬಾಗಿಲ ಹಿಡಿಕೆ ಸಿಕ್ಕಿ ನಿಂತಳು. ಜಾರುವಾಗ ಕೈಬಳೆಗಳು ಕರ್ರೆಂದವು. ಮುಂದಿನ ಬಾಗಿಲಿಂದ ಹಿಂದಿನ ಹಿಡಿಕೆಯವರೆಗೆ ಒಂದು ಬಿಳಿಯ ಗೀರು, ಮೊಳಕ್ಕೂ ಉದ್ದ.

ಅವನು ನೋಡಿದ್ದು ಆ ಗೀರನ್ನು. ಇದನ್ನು ಅವನ ವಿರುದ್ಧ ಎಷ್ಟು ಬೇಕಾದರೂ ಬಳಸಿಕೊಳ್ಳಬಹುದಿತ್ತು. ಆದರೆ ಪ್ರಮಾಣ ಮಾಡಿ ಹೇಳಬೇಕಾದರೆ, ನಾನು ಮೊದಲು ನೋಡಿದ್ದೂ ಗೀರನ್ನೇ. ಒಂದು ಕ್ಷಣ, ಹೆಚ್ಚಲ್ಲ. ಆ ಒಂದು ಕ್ಷಣ ನನಗೆ ಬಹಳ ಸಂತೋಷವಾಗಿತ್ತು.

ಅವಳು ಹಿಡಿಕೆ ಹಿಡಿದು ನಿಂತಿದ್ದಳು. ನಮ್ಮಿಬ್ಬರ ಮುಖವನ್ನೂ ನೋಡಿದಳು. ಏನು ಕಂಡಳೋ ಅದು ಅವಳಿಗೆ ಸಾಕಾಯಿತು.

"ನೋಡಿದ್ದಾಯ್ತಾ ಇಬ್ರೂ? ಇನ್ನ ನನ್ ಕಡೆ ನೋಡಿ," ಎಂದಳು. ನಾನು ಹತ್ತಿರ ಹೋದೆ. "ನೀವ್ ಮುಟ್‌ಬ್ಯಾಡಿ. ಮಣ್ಣು ಆಕಿ ನನ್ನ ಬೀಳ್ಸೋಕೆ ನಿಂತಿದ್ರಾ? ಆ ಸವ್ಟು ಕೆಳಗಿಟ್ಟು ನೀನ್ ಬಾರವ್ವ."

ಅವನ ಹೆಂಡತಿ ಓಡಿ ಬಂದು ತೋಳು ಹಿಡಿದಳು. ಅವನು ಬಿದ್ದ ವಾಕರು ಎತ್ತಿಕೊಟ್ಟು, "ಅಕ್ಕ, ಪೆಟ್ಟಾಯ್ತಾ?" ಎಂದ. ಕಣ್ಣು ಗೀರಿನ ಮೇಲೆಯೇ ಇತ್ತು.

"ಲೇ, ಕೊತ್ತತ್ತಿಲಿ ನಿಮ್ಮಪ್ಪ ನಮ್ಮಪ್ಪನ ನೀರಿನ ಸರದೀಲಿ ಯಾವತ್ತಾದ್ರೂ ತೂಬು ಎತ್ತಿದ್ನಾ?"

"ಎಲ್ಲಾದ್ರೂ ಉಂಟಾ ಅಕ್ಕ? ಕಾಲ್ ಮುರೀತಿದ್ರು."

"ಇಲ್ಲೂ ಸರದಿ ಅದೆ. ಆರಕ್ಕೆ ನಾನು ಈಚೆ ಬತ್ತೀನಿ. ನಾನು ಹೋಗಿ ತಿರುಗಿ ಬರೋಗಂಟ ನಿನ್ ಪೈಪು ಒಳಗೇ ಇರ್ಬೇಕು. ಒಂದ್ ತೊಟ್ಟು ರಸ್ತೆಗೆ ಬಿದ್ರೂ ಬಳೆ ಅಲ್ಲ, ಕುಡುಗೋಲೇ ತತ್ತೀನಿ." ಆಮೇಲೆ ನನಗೆ: "ನೀವು ಆ ಮಣ್ಣ ಎತ್ತಾಕಿ. ಅವರ ಸಂಪೂ ತೊಳ್ಕೊಡಿ."

ಅವನಿಗೆ ಒಂದು ಕಾರಿನ ಗೀರು. ನನಗೆ ಅರ್ಧ ದಿನ ಸಂಪಿನೊಳಗೆ ಇಳಿದು ತೆಂಗಿನ ನಾರಿನಿಂದ ಗೋಡೆ ಉಜ್ಜುವ ಶಿಕ್ಷೆ. ಅವನು ಮೇಲೆ ಕುಕ್ಕರುಗಾಲಲ್ಲಿ ಕೂತು, "ಆ ಮೂಲೆ ಸಾ, ಆ ಮೂಲೇಲಿ ಇನ್ನೂ ನೊರೆ ಅದೆ," ಎಂದು ತೋರಿಸುತ್ತಿದ್ದ. ಮೇಲಿನವನು ಕೊನೆಯವರೆಗೂ ಮೇಲೆಯೇ.

ಅವನು ಆ ಗೀರಿಗೆ ಬಣ್ಣ ಹಚ್ಚಿಸಿದ್ದಾನೆ. ಬಿಸಿಲು ಓರೆ ಬಿದ್ದಾಗ ಈಗಲೂ ಕಾಣುತ್ತದೆ. ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ನನ್ನ ಪಾಲಿಗೆ ಅದೊಂದು ಲಾಭ.

ಬೆಳಿಗ್ಗೆ ಆರಕ್ಕೆ ಅವಳು ಹೊರಡುತ್ತಾಳೆ. ಮೊದಲ ತಿಂಗಳು ವಾಕರು, ಆಮೇಲೆ ಕೋಲು. ನಾನು ನಮ್ಮ ಗೇಟಿನಲ್ಲಿ ನಿಂತಿರುತ್ತೇನೆ, ಅವನು ಪೈಪು ಹಿಡಿದು ತನ್ನ ಗೇಟಿನಲ್ಲಿ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇಬ್ಬರೂ ನೋಡುವುದು ಅವಳ ಕಾಲನ್ನು. ಅವನಿಗೆ ಬೇಗ ಮುಗಿಯಲಿ ಎಂಬ ಆತುರ, ನನಗೆ ಎಡವದಿರಲಿ ಎಂಬ ಆತಂಕ. ಮೊನ್ನೆ ಅವಳು ಬೇವಿನ ಮರದ ಹತ್ತಿರ ತಿರುಗಲಿಲ್ಲ. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಅದನ್ನು ನೆಲಕ್ಕೆ ತಾಗಿಸದೆ, ತಿರುವಿನ ಹಾಲಿನ ಬೂತಿನವರೆಗೆ ನಡೆದಳು. ಅಲ್ಲಿ ಕಟ್ಟೆಯ ಮೇಲೆ ಕೂತು ಯಾರೊಂದಿಗೋ ಮಾತಿಗೆ ತೊಡಗಿದಳು. ಆರೂವರೆಯಾಯಿತು. ಆರೂಮುಕ್ಕಾಲಾಯಿತು. ಅವನ ಕಾರಿನ ಮೇಲೆ ಇಡೀ ರಾತ್ರಿಯ ಧೂಳು ಕೂತಿತ್ತು.

"ಅಕ್ಕೋ," ಎಂದು ಅವನು ಕೂಗಿದ, "ಬಿರ್ನೆ ಬಾರಕ್ಕೋ, ಅಂಗಡಿಗೆ ಒತ್ತಾಯ್ತು!"

ಅವಳು ಅಲ್ಲಿಂದಲೇ ಕೈ ಎತ್ತಿ, ತಾಳು ಎಂದು ಸನ್ನೆ ಮಾಡಿ, ಮಾತು ಮುಂದುವರಿಸಿದಳು.